ಮೊದಲು ತೊಟ್ಟಿ, ತಿಂಗಳ ಮೇಲೆ ಮೀನು

ಹಿಂದಿನ ಕಾಲದಲ್ಲಿ ದೊಡ್ಡ ಕೆರೆಗಳಿಗೆ ‘ಸಮುದ್ರ’ ಎಂದು ಹೆಸರಿಡುವ ವಾಡಿಕೆಯಿತ್ತು. ಕೆರೆಯ ಹೆಸರೇ ಕ್ರಮೇಣ ಊರಿನ ಹೆಸರಾಗಿ ನಿಲ್ಲುತ್ತಿತ್ತು. ಬಲಸಮುದ್ರದಂತಹ ಹೆಸರುಗಳು ಇಂದಿಗೂ ಆ ವಾಡಿಕೆಯನ್ನು ನೆನಪಿಸುತ್ತವೆ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಮನೆಗಳಿಗೆ ಬಹುಮಟ್ಟಿಗೆ ಬರುವುದು ಕೊಳವೆ ಬಾವಿಯ ಗಡಸು ನೀರು. ಅದೇ ನೀರನ್ನು ಗಾಜಿನ ತೊಟ್ಟಿಗೆ ತುಂಬಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಮಹಾನಗರಗಳನ್ನು ದಾಟಿ ತಾಲ್ಲೂಕು ಕೇಂದ್ರಗಳಿಗೂ ಬಂದು ನೆಲೆಸಿದೆ. ಗಾಜು ಕತ್ತರಿಸಿ ತೊಟ್ಟಿ ಜೋಡಿಸುವವರು, ಅದಕ್ಕೆ ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಡುವ ವೆಲ್ಡಿಂಗ್ ಅಂಗಡಿಯವರು, ಮೀನು, ಆಹಾರ, ಪಂಪುಗಳನ್ನು ಮಾರುವವರು ಈ ವ್ಯಾಪಾರವನ್ನು ನಂಬಿದ್ದಾರೆ. ವ್ಯಾಪಾರ ಸಣ್ಣದು, ಆದರೆ ಅದರ ಒಂದು ರೋಗ ದೊಡ್ಡದು. ತೊಟ್ಟಿಯನ್ನು ಕೊಂಡ ಗ್ರಾಹಕನು ತಿಂಗಳು ತುಂಬುವ ಮೊದಲೇ ಅದನ್ನು ಬರಿದು ಮಾಡಿ ಅಟ್ಟದ ಮೇಲೆ ಇಡುತ್ತಾನೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಗೃಹಪ್ರವೇಶಕ್ಕೋ ಮಗುವಿನ ಹುಟ್ಟುಹಬ್ಬಕ್ಕೋ ಎರಡು ಅಡಿ ಉದ್ದದ ತೊಟ್ಟಿಯೊಂದು ಮನೆಗೆ ಬರುತ್ತದೆ. ಎಂಟು ಹೊಂಬಣ್ಣದ ಮೀನು, ಒಂದು ಕಪ್ಪು ಮೀನು ಇದ್ದರೆ ಮನೆಗೆ ಶುಭವೆಂಬ ನಂಬಿಕೆಯಿಂದ ಒಂಬತ್ತು ಗೋಲ್ಡ್ ಫಿಷ್‌ಗಳೂ ಅದೇ ಆಟೋದಲ್ಲಿ ಬರುತ್ತವೆ. ಮೊದಲ ದಿನ ನೀರು ಸ್ಫಟಿಕದಂತಿರುತ್ತದೆ. ಮೂರನೆಯ ದಿನದ ವೇಳೆಗೆ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುತ್ತದೆ. ವಾರದೊಳಗೆ ಮೀನುಗಳು ರೆಕ್ಕೆ ಮುದುಡಿಕೊಂಡು ಮೂಲೆ ಸೇರುತ್ತವೆ; ಮೇಲಕ್ಕೆ ಬಂದು ಬಾಯಿ ಬಡಿಯುತ್ತವೆ; ಕಿವಿರುಗಳು ಕೆಂಪಾಗುತ್ತವೆ. ಗ್ರಾಹಕನು ಅಂಗಡಿಗೆ ಫೋನು ಮಾಡಿದರೆ ‘ನೀರು ಬದಲಿಸಿ’ ಎಂಬ ಉತ್ತರ ಬರುತ್ತದೆ. ಆತನು ನೀರನ್ನೆಲ್ಲ ಚೆಲ್ಲಿ, ಜಲ್ಲಿಯನ್ನು ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆದು, ಹೊಸ ನೀರನ್ನು ತುಂಬುತ್ತಾನೆ. ಮೂರು ದಿನಗಳಲ್ಲಿ ಮತ್ತೆ ಅದೇ ಬಿಳುಪು. ಕೊನೆಗೆ ಮೀನು ಸತ್ತಾಗ, ಮನೆಗೆ ಬರಬೇಕಾಗಿದ್ದ ಕೇಡನ್ನು ಅದು ಹೊತ್ತುಕೊಂಡು ಹೋಯಿತೆಂದು ಸಮಾಧಾನ ಹೇಳುವ ವರ್ತಕರೂ ಉಂಟು. ಆ ಮಾತು ಒಮ್ಮೆ ಸಲ್ಲಬಹುದು. ಮೂರನೆಯ ಬಾರಿ ಮೀನು ಕೊಳ್ಳಲು ಹಣ ಬಿಚ್ಚುವ ಗ್ರಾಹಕನಿಗೆ ಅದು ಸಲ್ಲದು.

ಇಲ್ಲಿ ಮೀನಿನ ತಪ್ಪೂ ಇಲ್ಲ, ಗ್ರಹಗತಿಯ ತಪ್ಪೂ ಇಲ್ಲ. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ. ಕೆರೆಯಲ್ಲಿ ಇದನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಮೊದಲೇ ನೆಲೆಗೊಂಡಿರುತ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ಇನ್ನೊಂದು ಬಗೆಯವು ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯಕಾರಿಯಾದ ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಕ್ರಿಯೆಯ ಹಿಂದಿರುವ ಸೂಕ್ಷ್ಮಜೀವಿಗಳನ್ನು ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೇ ಬೇರ್ಪಡಿಸಿ ತೋರಿಸಿದ್ದನು. ಹೊಸ ತೊಟ್ಟಿಯಲ್ಲಿ ಇವು ಇರುವುದೇ ಇಲ್ಲವೆನ್ನುವಷ್ಟು ಕಡಿಮೆ. ಇವು ಬೆಳೆಯುವುದೂ ಬಹಳ ನಿಧಾನ. ತೊಟ್ಟಿಯ ಹೊರೆಯನ್ನು ಹೊರುವಷ್ಟಾಗಲು ನಾಲ್ಕರಿಂದ ಆರು ವಾರಗಳು ಬೇಕು. ಅಷ್ಟರಲ್ಲಿ, ನೀರಿನಲ್ಲಿ ಕರಗಿದ ಆಹಾರದ ಅಂಶವನ್ನು ತಿಂದು ಗಂಟೆಗಳಲ್ಲಿ ಇಮ್ಮಡಿಯಾಗುವ ಬೇರೊಂದು ಜಾತಿಯ ಬ್ಯಾಕ್ಟೀರಿಯಾಗಳು ತುಂಬಿಕೊಳ್ಳುತ್ತವೆ. ಕಣ್ಣಿಗೆ ಕಾಣುವ ಬಿಳುಪು ಇವುಗಳದು. ಈ ಬಿಳುಪು ತಾನಾಗಿ ತೊಲಗುತ್ತದೆ. ಮೀನನ್ನು ಕೊಲ್ಲುವುದು ಕಣ್ಣಿಗೆ ಕಾಣದ ಅಮೋನಿಯಾ. ಗ್ರಾಹಕನು ಬಿಳುಪನ್ನು ಕಂಡು ಗಾಬರಿಯಾಗಿ ಎಲ್ಲವನ್ನೂ ತೊಳೆದಾಗ, ಸ್ಪಂಜಿನಲ್ಲಿ ಆಗತಾನೆ ನೆಲೆಯೂರುತ್ತಿದ್ದ ಉಪಕಾರಿ ಜೀವಿಗಳು ಚರಂಡಿಯ ಪಾಲಾಗುತ್ತವೆ. ಲೆಕ್ಕ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ.

ಎಲ್ಲ ಕದಡೂ ಒಂದೇ ಅಲ್ಲವೆಂಬುದನ್ನು ಅಂಗಡಿಯವರಾದರೂ ತಿಳಿದಿರಬೇಕು. ನೀರು ತುಂಬಿದ ಗಳಿಗೆಯಲ್ಲೇ ಕದಡಿದರೆ ಅದು ಸರಿಯಾಗಿ ತೊಳೆಯದ ಜಲ್ಲಿಯ ಧೂಳು. ವಾರಗಳ ನಂತರ ಹಸಿರಾದರೆ ಅದು ಪಾಚಿ. ತೊಟ್ಟಿಗೆ ಕಿಟಕಿಯ ಬಿಸಿಲು ಬೀಳುತ್ತಿದೆ ಎಂದರ್ಥ.

ಈ ಸೀಮೆಗೆ ವಿಶೇಷವಾಗಿ ಸಲ್ಲುವ ಮಾತು ನೀರಿನದು. ಅಮೋನಿಯಾದ ವಿಷತ್ವವು ನೀರಿನ ಪಿಎಚ್ ಮಟ್ಟವನ್ನು ಅವಲಂಬಿಸಿದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲಿಗೂ ಕಡಿಮೆ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ನೂರಕ್ಕೆ ಐದು ಪಾಲನ್ನು ದಾಟುತ್ತದೆ. ಬೇಸಿಗೆಯ ಸೆಕೆ ಏರಿದಂತೆ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಸುಣ್ಣದಂಶವುಳ್ಳ ಕ್ಷಾರೀಯ ನೀರು ಸಾಮಾನ್ಯವಾಗಿರುವ ಕಡೆ, ಮೃದು ನೀರಿನ ಊರಿನಲ್ಲಿ ಮೀನು ಸಹಿಸಿಕೊಳ್ಳುವ ತಪ್ಪೇ ಪ್ರಾಣಾಂತಿಕವಾಗುವುದು ಇದರಿಂದ. ಇದಕ್ಕೆ ಹೆದರಿ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್‌ಗಟ್ಟಲೆ ಆರ್‌ಒ ನೀರು ತಂದು ತುಂಬುವವರೂ ಇದ್ದಾರೆ. ಅದೂ ಜಾಣತನವಲ್ಲ. ಅಮೋನಿಯಾವನ್ನು ಅರಗಿಸುವಾಗ ಬ್ಯಾಕ್ಟೀರಿಯಾಗಳು ನೀರಿನ ಕ್ಷಾರಾಂಶವನ್ನು ಖರ್ಚು ಮಾಡುತ್ತವೆ. ಆರ್‌ಒ ನೀರಿನಲ್ಲಿ ಖರ್ಚಿಗೆ ಇರುವ ಬಂಡವಾಳವೇ ಅಲ್ಪ. ಅದು ತೀರಿದೊಡನೆ ಪಿಎಚ್ ಕುಸಿದು, ಕೆಲಸಗಾರರೇ ಕೆಲಸ ನಿಲ್ಲಿಸುತ್ತಾರೆ. ಎರಡನ್ನೂ ಬೆರೆಸುವುದು ಲೇಸು. ಅದಕ್ಕಿಂತ ಲೇಸು, ಗಡಸು ನೀರಿಗೆ ಒಗ್ಗುವ ಗಪ್ಪಿ, ಮೊಲಿ, ಪ್ಲಾಟಿ ಜಾತಿಗಳನ್ನು ಅಂಗಡಿಯ ಮುಂದಿನ ಸಾಲಿನಲ್ಲಿ ಇಡುವುದು. ಕೊಳವೆ ಬಾವಿಯಿಂದ ಆಗತಾನೆ ಎತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ. ಒಂದು ರಾತ್ರಿ ಏರ್ ಪಂಪ್ ಹಾಕಿಟ್ಟು ಬಳಸಬೇಕು. ಪುರಸಭೆಯ ನಲ್ಲಿ ನೀರಿಗಾದರೆ ಕ್ಲೋರಿನ್ ತೆಗೆಯಬೇಕು. ಅದಕ್ಕೆ ಬೇಕಾದ ಸೋಡಿಯಂ ಥಯೋಸಲ್ಫೇಟ್, ಹಳೆಯ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ ಹೈಪೋ ಅಲ್ಲದೆ ಬೇರೇನಲ್ಲ.

ಹಾಗಾದರೆ ವರ್ತಕನು ಮಾಡಬೇಕಾದುದೇನು? ಒಂದೇ ದಿನ ಒಂದೇ ಬಿಲ್ಲಿನಲ್ಲಿ ತೊಟ್ಟಿಯನ್ನೂ ಮೀನನ್ನೂ ಮಾರುವ ಪದ್ಧತಿಯನ್ನು ಕೈಬಿಡುವುದು. ಮೊದಲ ಬಿಲ್ಲು ತೊಟ್ಟಿ, ಫಿಲ್ಟರ್, ಜಲ್ಲಿ, ಗಿಡಗಳಿಗೆ. ಮನೆಗೆ ಹೋದ ತೊಟ್ಟಿಯಲ್ಲಿ ಫಿಲ್ಟರ್ ನಡೆಯುತ್ತಿರಲಿ. ಮೀನಿಲ್ಲದ ಆ ನೀರಿಗೆ ದಿನವೂ ಒಂದು ಚಿಟಿಕೆ ಆಹಾರ ಬೀಳಲಿ. ಅದು ಕೊಳೆತು ಅಮೋನಿಯಾ ಹುಟ್ಟಿ, ಬ್ಯಾಕ್ಟೀರಿಯಾ ಬೆಳೆಯುತ್ತದೆ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿದ ದಿನ ಎರಡನೆಯ ಬಿಲ್ಲು, ಅಂದರೆ ಮೀನಿನದು.

‘ನಾಲ್ಕು ವಾರ ಕಾಯಿರಿ ಎಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ’ ಎಂಬುದು ವರ್ತಕರ ಸಹಜವಾದ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ಉತ್ತರ ಪ್ರತಿಯೊಂದು ಅಡುಗೆಮನೆಯಲ್ಲಿಯೂ ಇದೆ. ಹಾಲು ಮೊಸರಾಗಲು ಯಾರೂ ಬರಿದೆ ಕಾಯುವುದಿಲ್ಲ, ಹೆಪ್ಪು ಹಾಕುತ್ತಾರೆ. ಉಪಕಾರಿ ಬ್ಯಾಕ್ಟೀರಿಯಾಗಳು ವಾಸಿಸುವುದು ನೀರಿನಲ್ಲಲ್ಲ, ಸ್ಪಂಜು ಮತ್ತು ಜಲ್ಲಿಯ ಮೈಮೇಲೆ. ಅಂಗಡಿಯವರು ಆರೋಗ್ಯವಂತ ಮೀನುಗಳಿರುವ ಹಳೆಯ ತೊಟ್ಟಿಯೊಂದರಲ್ಲಿ ಹತ್ತಾರು ಸ್ಪಂಜುಗಳನ್ನು ಸದಾ ನಡೆಸುತ್ತಿದ್ದು, ಹೊಸ ತೊಟ್ಟಿಯ ಜೊತೆಗೆ ಒಂದನ್ನು ಒದ್ದೆಯಾಗಿಯೇ ಕಟ್ಟಿಕೊಟ್ಟರೆ ಕಾಯುವ ಅವಧಿ ಬಹಳಷ್ಟು ತಗ್ಗುತ್ತದೆ. ರೋಗವಿರುವ ತೊಟ್ಟಿಯ ಸ್ಪಂಜನ್ನು ಮಾತ್ರ ಕೊಡಕೂಡದು. ಹೆಪ್ಪು ಕೆಟ್ಟರೆ ಮೊಸರೂ ಕೆಡುತ್ತದೆ. ಅಷ್ಟಕ್ಕೂ ಒಪ್ಪದ ಗಿರಾಕಿಗೆ ಎರಡೋ ಮೂರೋ ಸಣ್ಣ ಮೀನು ಕೊಟ್ಟು, ಉಳಿದವನ್ನು ತಿಂಗಳ ಮೇಲೆ ಒಯ್ಯಲು ಹೇಳಬಹುದು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯ ಅಳತೆ ಸುಮಾರು 56 ಲೀಟರ್. ಜಲ್ಲಿಯನ್ನೂ ಮೇಲಿನ ತೆರವನ್ನೂ ಕಳೆದರೆ ನಿಲ್ಲುವುದು 45 ಲೀಟರ್. ಒಂಬತ್ತು ಗೋಲ್ಡ್ ಫಿಷ್‌ಗಳಿಗೆ ಅದು ಎಂದಿಗೂ ಸಾಲದು. ಮೊದಲ ವಾರದಲ್ಲಂತೂ ಅದು ಮೀನುಗಳನ್ನು ತಿಳಿದೂ ಸಾವಿಗೆ ಒಪ್ಪಿಸಿದಂತೆಯೇ.

ಲೆಕ್ಕದ ದೃಷ್ಟಿಯಿಂದಲೂ ಇದು ನಷ್ಟದ ಬಾಬ್ತಲ್ಲ. ತೊಟ್ಟಿಯ ಸಾಮಗ್ರಿಗೆ 4,000 ರೂಪಾಯಿ, ಮೀನಿಗೆ 600 ರೂಪಾಯಿ ಎಂದು ಉದಾಹರಣೆಗೆ ಭಾವಿಸಿದರೆ, ಮುಂದೂಡಿದ್ದು 600 ರೂಪಾಯಿಯ ಮಾರಾಟ ಮಾತ್ರ. ಮೀನು ಉಳಿದ ಮನೆಯವರು ಆಹಾರ, ಸ್ಪಂಜು, ಹೊಸ ಮೀನುಗಳಿಗೆಂದು ತಿಂಗಳಿಗೆ 200 ರೂಪಾಯಿ ವೆಚ್ಚ ಮಾಡಿದರೂ ಮೂರು ವರ್ಷಕ್ಕೆ 7,200 ರೂಪಾಯಿ ಆಗುತ್ತದೆ. ಮೀನು ಸತ್ತ ಮನೆಯಿಂದ ಬರುವುದು ಸೊನ್ನೆ. ಅಲ್ಲದೆ, ಅಟ್ಟ ಸೇರಿದ ತೊಟ್ಟಿಯನ್ನು ನೋಡಿದ ನೆರೆಯವರು ತಾವೂ ಕೊಳ್ಳುವುದಿಲ್ಲ. ಈ ನಷ್ಟವು ಯಾವ ತಃಖ್ತೆಯಲ್ಲಿಯೂ ಕಾಣಿಸದು.

ಕಾನೂನಿನ ಮಾತೂ ಒಂದಿದೆ. ‘ಮಾರಿದ ಮಾಲನ್ನು ವಾಪಸು ಪಡೆಯಲಾಗುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಮುದ್ರಿಸಿ ನಿಶ್ಚಿಂತರಾಗಿರುವ ವರ್ತಕರು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(47)ನ್ನು ಒಮ್ಮೆ ಓದುವುದು ಒಳ್ಳೆಯದು. ಬಿಲ್ಲಿನಲ್ಲಿ ಅವಧಿಯನ್ನು ನಮೂದಿಸದಿದ್ದರೆ, ದೋಷಯುಕ್ತ ಸರಕನ್ನು ಮೂವತ್ತು ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ಗ್ರಾಹಕನ ಮನೆಯ ನೀರಿನಲ್ಲಿ ಸತ್ತ ಮೀನು ‘ದೋಷಯುಕ್ತ ಸರಕು’ ಹೌದೇ ಅಲ್ಲವೇ ಎಂಬುದು ವಾದಕ್ಕೆ ಬಿಟ್ಟ ವಿಷಯ. ಆದರೆ ತೊಟ್ಟಿ ಪಕ್ವವಾಗಲು ಬೇಕಾದ ಕಾಲವೂ ಕಾಯ್ದೆಯ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಆ ವಾದಕ್ಕೆ ಎಡೆಗೊಡದಿರುವುದೇ ವಿವೇಕ. ಸಮಾಧಾನಕ್ಕೆಂದು ಔಷಧಿಯ ಬಾಟಲಿಯನ್ನು ಉಚಿತವಾಗಿ ಕೊಡುವವರೂ ಗಮನಿಸಬೇಕು: ಕೊಡುಗೆಯಾಗಿ ಕೊಟ್ಟ ಸರಕಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದೆಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 17(5) ಹೇಳುತ್ತದೆ. ಅದರ ಮೇಲೆ, ಮೆಥಿಲೀನ್ ಬ್ಲೂ ಮುಂತಾದ ಔಷಧಿಗಳು ಬ್ಯಾಕ್ಟೀರಿಯಾಗಳಿಗೂ ಹಾನಿ ಮಾಡುವುದರಿಂದ ಹೊಸ ತೊಟ್ಟಿಯ ಸ್ಥಿತಿ ಇನ್ನಷ್ಟು ಹದಗೆಡುತ್ತದೆ.

ಈಗಾಗಲೇ ಮೀನು ಬಾಯಿ ಬಡಿಯುತ್ತಿರುವ ಮನೆಯಿಂದ ಫೋನು ಬಂದರೆ ಹೇಳಬೇಕಾದ ಉತ್ತರ ಬೇರೆ. ಎರಡು ದಿನ ಆಹಾರ ನಿಲ್ಲಿಸಿ. ಏರ್ ಪಂಪ್ ಹಗಲೂ ರಾತ್ರಿ ನಡೆಯಲಿ. ವಿದ್ಯುತ್ ಕಡಿತವಿರುವ ಕಡೆ ಬ್ಯಾಟರಿಯ ಪಂಪ್ ಒಂದು ಇರಲಿ. ಕಾಲುಭಾಗ ನೀರನ್ನು ಮಾತ್ರ ತೆಗೆದು, ಹದಮಾಡಿದ ಅಷ್ಟೇ ನೀರನ್ನು ನಿಧಾನವಾಗಿ ಸೇರಿಸಿ. ಅಮೋನಿಯಾ ಇಳಿಯುವವರೆಗೆ ದಿನವೂ ಹೀಗೆ ಮಾಡಿ. ಸ್ಪಂಜು ಕಟ್ಟಿಕೊಂಡಿದ್ದರೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ನೈಟ್ರೈಟ್ ಕಂಡುಬಂದರೆ ಲೀಟರಿಗೆ ಒಂದು ಗ್ರಾಂನಂತೆ ಉಪ್ಪನ್ನು ಕರಗಿಸಿ ಹಾಕಿ. ಬಿಳುಪನ್ನು ಅದರ ಪಾಡಿಗೆ ಬಿಡಿ. ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಚೀಟಿಯೊಂದನ್ನು ತೊಟ್ಟಿಯ ಗಾಜಿಗೆ ಅಂಟಿಸಿ ಕೊಡುವುದು ತಯಾರಕರ ಕೆಲಸವಾಗಬೇಕು. ಪೆಟ್ಟಿಗೆಯ ಮೇಲಿನ ಇಂಗ್ಲಿಷ್, ಚೀನೀ ಸೂಚನೆಗಳನ್ನು ಈ ಸೀಮೆಯ ಗ್ರಾಹಕರಲ್ಲಿ ಎಷ್ಟು ಮಂದಿ ಓದಿಯಾರು? ತಯಾರಕರಿಗೆ ಇನ್ನೊಂದು ಮಾತು: ಸ್ನಾನದ ಮನೆಗೆ ಬಳಸುವ, ಬೂಷ್ಟುನಿರೋಧಕ ಬೆರೆಸಿದ ಸಿಲಿಕೋನ್ ಅಗ್ಗವೆಂದು ತೊಟ್ಟಿಗೆ ಹಚ್ಚಿದರೆ ಅದೂ ಮೀನಿಗೆ ವಿಷವೇ.

ಸರ್ಕಾರದ ಕಡೆಯಿಂದ ಈ ವ್ಯಾಪಾರಕ್ಕೆ ಅಂಕುಶವೂ ಬಂದಿದೆ, ಪ್ರೋತ್ಸಾಹವೂ ಬಂದಿದೆ. 2017ರಲ್ಲಿ ಕೇಂದ್ರ ಸರ್ಕಾರವು ಅಕ್ವೇರಿಯಂ ಅಂಗಡಿಗಳಿಗೆ ಕಠಿಣ ನಿಯಮಗಳನ್ನು ಹೊರಡಿಸಿ, ದೇಶಾದ್ಯಂತ ವರ್ತಕರು ವಿರೋಧಿಸಿದ ಮೇಲೆ ಅದೇ ವರ್ಷ ಹಿಂಪಡೆಯಿತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಅಲಂಕಾರಿಕ ಮೀನು ಸಾಕಣೆಯ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಶೇ. 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ. 60 ಸಹಾಯಧನವನ್ನು ನಿಗದಿಪಡಿಸಿತು. ಚೆನ್ನೈನ ಕೊಳತ್ತೂರಿನಿಂದ ಆಮ್ಲಜನಕ ತುಂಬಿದ ಚೀಲದಲ್ಲಿ ದಣಿದು ಬರುವ ಮೀನಿಗಿಂತ, ಇಲ್ಲಿಯ ಗಡಸು ನೀರಿನಲ್ಲಿಯೇ ಹುಟ್ಟಿ ಬೆಳೆದ ಮೊಲಿ ಮೀನು ಇಲ್ಲಿಯ ತೊಟ್ಟಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವು ಶಿರಾದಿಂದಾಗಲಿ ಮಧುಗಿರಿಯಿಂದಾಗಲಿ ಬೆಳಿಗ್ಗೆ ಹೊರಟು ಸಂಜೆ ಹಿಂದಿರುಗುವಷ್ಟು ದೂರದಲ್ಲಿದೆ. ನಾಲ್ಕು ತಾಲ್ಲೂಕುಗಳ ಅಕ್ವೇರಿಯಂ ವರ್ತಕರು ಸೇರಿ ಅಲ್ಲಿಗೊಮ್ಮೆ ಹೋಗಿಬರುವ ವ್ಯವಸ್ಥೆಯನ್ನು ವಾಣಿಜ್ಯ ಮಂಡಳಿಗಳು ಮಾಡಬಹುದು.

ಅದಕ್ಕೂ ಮೊದಲು ಆಗಬಹುದಾದುದು ಬಿಲ್ ಪುಸ್ತಕದ ತಿದ್ದುಪಡಿ. ಮುಂದಿನ ಬಾರಿ ಪುಸ್ತಕ ಅಚ್ಚಿಗೆ ಕೊಡುವಾಗ ಕೆಳಭಾಗದಲ್ಲಿ ಮೂರು ಖಾಲಿ ಗೆರೆಗಳನ್ನು ಹಾಕಿಸಿದರೆ ಸಾಕು: ತೊಟ್ಟಿ ಮಾರಿದ ದಿನಾಂಕ, ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆಯ ಫಲಿತಾಂಶ, ಮೀನು ಕೊಟ್ಟ ದಿನಾಂಕ. ಗ್ರಾಹಕನು ಸಣ್ಣ ಬಾಟಲಿಯಲ್ಲಿ ತರುವ ನೀರನ್ನು ಕೌಂಟರಿನಲ್ಲಿಯೇ ಪರೀಕ್ಷಿಸಿ ಎರಡನೆಯ ಗೆರೆಯನ್ನು ತುಂಬಲು ಹತ್ತು ನಿಮಿಷ ಹಿಡಿಯುತ್ತದೆ. ಅದು ತುಂಬುವವರೆಗೆ ಮೂರನೆಯದು ಖಾಲಿಯೇ ಇರಲಿ.