ಹೊಳೆಯ ಹೆಸರು ಹೊತ್ತವರು

ಪೋರ್ಚುಗಲ್ ದೇಶದ ಉತ್ತರ ಭಾಗದಲ್ಲಿ ಸೋಜ ಎಂಬ ಸಣ್ಣ ಹೊಳೆಯೊಂದಿದೆ. ಅಲ್ಲಿಯ ದೊಡ್ಡ ನದಿಯಾದ ಡೋರೋವನ್ನು ಅದು ಕೂಡಿಕೊಳ್ಳುತ್ತದೆ. ತುಂಗೆಯ ದಡದ ಶೃಂಗೇರಿ ಸೀಮೆಯಲ್ಲಿ, ಕೊಪ್ಪದ ಕಾಫಿ ತೋಟಗಳಲ್ಲಿ, ಭದ್ರೆಯ ತಡಿಯ ಬಾಳೆಹೊನ್ನೂರಿನಲ್ಲಿ ಆ ಹೊಳೆಯ ಹೆಸರನ್ನು ಹೊತ್ತ ಸಂಸಾರಗಳಿವೆ. ಡಿಸೋಜ ಎಂಬುದೇ ಆ ಹೆಸರು. ಸೋಜ ಸೀಮೆಯವನು ಎಂದು ಅದರ ಅರ್ಥ. ನಮ್ಮವರು ಊರಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳುವಂತೆಯೇ. ಸ್ಪೇನಿನವರ ಬಾಯಲ್ಲಿ ಇದೇ ಹೆಸರು ಸೋಸ ಎಂದಾಗಿದೆ.

ಹಾಗಾದರೆ ಇವರು ಪರಂಗಿಯವರ ಸಂತತಿಯೇ? ಘಟ್ಟದ ಮೇಲೆ ಈ ಪ್ರಶ್ನೆಯನ್ನು ಕೇಳಿಸಿಕೊಳ್ಳದ ಡಿಸೋಜರು ವಿರಳ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. 1542ರಲ್ಲಿ ಗವರ್ನರನಾಗಿ ಬಂದವನು ಮಾರ್ತಿಂ ಅಫೊನ್ಸೊ ದ ಸೋಜ. ಸಂತ ಫ್ರಾನ್ಸಿಸ್ ಕ್ಸೇವಿಯರನು ಬಂದದ್ದೂ ಅವನೊಡನೆಯೇ. 1549ರಲ್ಲಿ ಬ್ರೆಜಿಲಿಗೆ ಮೊದಲ ಮಹಾ ಗವರ್ನರನಾಗಿ ಹೋದವನು ತೊಮೆ ದ ಸೋಜ. ಬ್ರೆಜಿಲಿನಲ್ಲಿ ಇಂದು ಅತಿ ಸಾಮಾನ್ಯವಾದ ಹೆಸರುಗಳಲ್ಲಿ ಇದೂ ಒಂದು. ಆದರೆ ಗೋವೆಯಲ್ಲಿ ಹೆಸರು ಹರಡಿದ್ದು ರಕ್ತದಿಂದಲ್ಲ, ದೀಕ್ಷಾಸ್ನಾನದ ನೀರಿನಿಂದ. ದೀಕ್ಷೆ ಕೊಟ್ಟ ಪಾದ್ರಿಯ ಅಥವಾ ಸಾಕ್ಷಿ ನಿಂತ ಧರ್ಮಪಿತನ ಕುಲನಾಮವೇ ಹೊಸ ಕ್ರೈಸ್ತನಿಗೂ ಬರುತ್ತಿತ್ತು. ಆದುದರಿಂದಲೇ ಡಿಸೋಜರ ಹುಡುಗನಿಗೆ ಡಿಸೋಜರ ಮನೆಯಿಂದಲೇ ಹೆಣ್ಣು ತರಲು ಅಡ್ಡಿಯಿಲ್ಲ. ಸಗೋತ್ರವೆಂದರೆ ಹೌಹಾರುವ ಶೃಂಗೇರಿಯ ಹಿರಿಯರಿಗೆ ಇದು ವಿಚಿತ್ರವೆನಿಸೀತು!

ಉಳಿದ ಹೆಸರುಗಳೂ ಸ್ವಾರಸ್ಯವಾದವೇ. ಫೆರ್ನಾಂಡಿಸ್ ಎಂದರೆ ಫೆರ್ನಾಂಡೋವಿನ ಮಗ. ಲೋಬೊ ಎಂದರೆ ತೋಳ. ತೋಳನ ಹೆಸರಿನ ಪರಮ ಸಾಧುಗಳು ಎಷ್ಟು ಜನರಿಲ್ಲ!

ಗೋವೆಯಿಂದ ಈ ಕೊಂಕಣಿಗರು ಹಲವು ಅಲೆಗಳಲ್ಲಿ ಕನ್ನಡ ಕರಾವಳಿಗೆ ಬಂದರು. 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಬದುಕುಳಿದವರಲ್ಲಿ ಅನೇಕರು 1799ರ ಅನಂತರ ಹಿಂದಿರುಗಿದರು. ಮಲೆನಾಡಿನಲ್ಲಿ ಕಾಫಿಯ ಬೇಸಾಯ ಬೆಳೆದಂತೆ ಕೆಲವರು ಘಟ್ಟ ಹತ್ತಿದರು.

ಎಡೆಹಳ್ಳಿ ಎಂಬ ಹಳೆಯ ಹೆಸರನ್ನು ಬಿಟ್ಟು, ಯುವರಾಜರ ಹೆಸರನ್ನು 1915ರಲ್ಲಿ ಪಡೆದ ನರಸಿಂಹರಾಜಪುರದಲ್ಲಿ ಬೇರೊಂದು ಬಗೆಯ ಕ್ರೈಸ್ತರೂ ಇದ್ದಾರೆ. ಅವರು ಕೇರಳದಿಂದ ಬಂದು ನೆಲೆಸಿದ ಸಿರಿಯನ್ನರು. ವರ್ಗೀಸ್ ಎಂದರೆ ಜಾರ್ಜ್, ಚಾಕೊ ಎಂದರೆ ಯಾಕೋಬ. ತಂದೆಯ ಹೆಸರೇ ಮಗನಿಗೆ ಬೆಂಬಲ. ಶಾಲೆಯ ಹಾಜರಿ ಪುಸ್ತಕದಲ್ಲಿ ವರ್ಗೀಸನೂ ಡಿಸೋಜನೂ ಅಕ್ಕಪಕ್ಕದಲ್ಲಿ ಬಂದರೆ, ಒಂದೇ ಮತ ಎರಡು ದಾರಿಗಳಲ್ಲಿ ಊರಿಗೆ ಬಂದುದು ತಿಳಿಯುತ್ತದೆ.

ಡಿಸೋಜರ ಹಳೆಯ ಹೆಸರು ಏನಾಯಿತು? ಪ್ರಭು, ಕಾಮತ, ಪೈ, ಶೆಣೈ ಎಂಬ ಪೂರ್ವಿಕರ ಕುಲನಾಮಗಳನ್ನು ಕೆಲವು ಮನೆತನಗಳು ಇಂದಿಗೂ ನೆನಪಿಟ್ಟುಕೊಂಡಿವೆ. ನೆನಪಿಲ್ಲದವರಿಗೂ ಘಟ್ಟದ ಕೆಳಗಿನ ತುಳುವರು ಅದನ್ನು ಕಾದಿಟ್ಟಿದ್ದಾರೆ. ಪ್ರಭು ಎಂಬ ಶಬ್ದವೇ ಅವರ ಬಾಯಲ್ಲಿ ಪೊರ್ಬು ಎಂದಾಗಿದೆ. ಚರ್ಚಿನ ದಾಖಲೆಯಲ್ಲಿ ಡಿಸೋಜನಿರಲಿ, ಲೋಬೊ ಇರಲಿ, ನೆರೆಯ ತುಳುವನಿಗೆ ಅವನು ಪೊರ್ಬುವೇ.