ಸಾಸಿವೆ ಅಟ್ಟದ ಮೇಲಿದ್ದರೆ ಒಗ್ಗರಣೆ ಆದೀತೇ?



ಕಂಪ್ಯೂಟರಿನಲ್ಲಿ ಹಾಡು ಕಟ್ಟುವ ನನ್ನ ಮಗ ಎಸ್‌ಎಸ್‌ಡಿ ಬೇಕೆಂದಾಗ, ‘ಇರೋ ಹಾರ್ಡ್‌ಡಿಸ್ಕ್‌ಗೇನಾಗಿದೆಯೋ?’ ಅಂತ ಗದರಿದ್ದೆ. ಆಮೇಲೆ ತಿಳೀತು ನೋಡಿ.

ಪಿಯಾನೋದ ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ ನುಡಿಸಿ ಮುದ್ರಿಸಿದ ಸ್ಯಾಂಪಲ್ ಸಂಗ್ರಹವೇ ಹತ್ತಾರು ಜಿಬಿ ಇರುತ್ತೆ. ಸಾಮಾನ್ಯವಾಗಿ ಪ್ರತಿ ಸ್ವರದ ಆರಂಭ ಮಾತ್ರ ರ‍್ಯಾಮ್‌ನಲ್ಲಿ. ಉಳಿದದ್ದನ್ನು ನುಡಿಸುವಾಗಲೇ ಡ್ರೈವ್‌ನಿಂದ ತರಬೇಕು. ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ 500 ಎಂಬಿ ಓದುತ್ತೆ. ಸಾಲದ್ದಕ್ಕೆ, ಹಾರ್ಡ್‌ಡಿಸ್ಕ್ ಅಲ್ಲಿ ಇಲ್ಲಿ ಹುಡುಕುವಷ್ಟರಲ್ಲಿ ಹಾಡು ತಡವರಿಸುತ್ತೆ. ಎಣ್ಣೆ ಕಾದಾಗ ಸಾಸಿವೆ ಕೈಗೆಟುಕಬೇಕಲ್ವೇ?

ಎನ್‌ವಿಎಂಇ ಎಂಬುದು ಇನ್ನೂ ಚುರುಕು. ಆದರೆ ಮನೆಯ ಮಟ್ಟಿಗೆ ಸಂಗ್ರಹಗಳನ್ನಿಡಲು ಸಾಟಾ ಸಾಕು. 1 ಟಿಬಿಯದನ್ನು ಕೊಳ್ಳಿ, ಪೂರ್ತಿ ತುಂಬಿಸಬೇಡಿ.

ಹಾಗಂತ ಹಳೇ ಹಾರ್ಡ್‌ಡಿಸ್ಕ್ ಮೂಲೆಗೆಸೀಬೇಡಿ. ಕೊಂಡ ಸಂಗ್ರಹವನ್ನು ಸಾಮಾನ್ಯವಾಗಿ ಮತ್ತೆ ಇಳಿಸಿಕೊಳ್ಳಬಹುದು. ನಾವೇ ಮುದ್ರಿಸಿದ್ದು ಹೋದರೆ ಹೋಯ್ತು. ನಮ್ಮತ್ತೆಯವರ ಆರತಿ ಹಾಡು ಒಂದೇ ಪೆನ್‌ಡ್ರೈವಿನಲ್ಲಿತ್ತು. ಅದು ಕೆಟ್ಟಿತು. ಅತ್ತೆಯವರೂ ಈಗಿಲ್ಲ.

ಅದಕ್ಕೇ ಹೇಳ್ತೀನಿ: ಮಕ್ಕಳ ಹಾಡು ಎಸ್‌ಎಸ್‌ಡಿಯಲ್ಲಿರಲಿ, ಅದರ ಪ್ರತಿ ಹಾರ್ಡ್‌ಡಿಸ್ಕಿನಲ್ಲೂ ಇರಲಿ. ಇವತ್ತೇ ಕೇಳಿ, ‘ಎರಡು ಕಡೆ ಇಟ್ಟಿದ್ದೀಯೇನಪ್ಪಾ?’ ಅಂತ.