ನೋಡಿ ಸೇರುವ ವಿಚಾರ

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ವರ್ಷವರ್ಷವೂ ಮೂವರೋ ನಾಲ್ವರೋ ವಿದ್ಯಾರ್ಥಿಗಳು ನನ್ನ ಮನೆಗೆ ಬರುತ್ತಾರೆ. ಕನ್ನಡ ಎಂ.ಎ.ಗೆ ಎಲ್ಲಿ ಸೇರಬೇಕೆಂಬುದು ಅವರ ಪ್ರಶ್ನೆ. ಮೈಸೂರೋ, ಧಾರವಾಡವೋ, ಹಂಪಿಯೋ ಎಂದು ಕೇಳುವವರನ್ನು ನಾನು ಮರಳಿ ಕೇಳುವುದು ಒಂದೇ ಮಾತು: "ಇವುಗಳಲ್ಲಿ ಯಾವುದನ್ನು ಕಂಡಿದ್ದೀಯೆ?" ಉತ್ತರವಾಗಿ ಮೊಬೈಲಿನ ಪರದೆ ನನ್ನ ಕನ್ನಡಕದ ಮುಂದೆ ಬಂದು ನಿಲ್ಲುತ್ತದೆ. ಅದರಲ್ಲಿ ಕಟ್ಟಡವಿದೆ, ಹೂದೋಟವಿದೆ, ಶ್ರೇಯಾಂಕವಿದೆ. ಪಾಠ ಹೇಳುವವರ ದನಿಯೊಂದಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವಾಕೆಯೂ ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾಳೆ. ಎರಡು ವರ್ಷದ ಆಯುಷ್ಯವನ್ನೂ ತಂದೆಯ ಸಾಲವನ್ನೂ ಒಪ್ಪಿಸುವಾಗ ಮಾತ್ರ ನಮಗೆ ತಟ್ಟಿ ನೋಡುವ ವ್ಯವಧಾನವಿಲ್ಲ.

ಅನ್ಯರಿಗೆ ಬುದ್ಧಿ ಹೇಳುವ ಮುನ್ನ ನನ್ನ ಅವಿವೇಕವನ್ನು ಒಪ್ಪಿಕೊಳ್ಳಬೇಕು. ಹಳಗನ್ನಡ ಕಾವ್ಯವನ್ನು ಕುರಿತ ಪುಸ್ತಕವೊಂದಕ್ಕೆ ಮನಸೋತು, ಅದನ್ನು ಬರೆದ ಪ್ರಾಧ್ಯಾಪಕರ ಬಳಿಯೇ ಪಂಪನನ್ನು ಓದಬೇಕೆಂದು ಅವರಿದ್ದ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದೆ. ಸೇರಿದ ಮೂರನೆಯ ದಿನ ತಿಳಿಯಿತು, ಅವರು ಹಿಂದಿನ ವರ್ಷವೇ ನಿವೃತ್ತರಾಗಿದ್ದರೆಂದು. ಅವರ ಸ್ಥಾನಕ್ಕೆ ಯಾರೂ ಬಂದಿರಲಿಲ್ಲ. ಕರ್ಣನ ಕಥೆಯನ್ನು ನಾವು ಆ ವರ್ಷ ಯಾರದೋ ಹಳೆಯ ಟಿಪ್ಪಣಿಯಿಂದ ನಮ್ಮ ಟಿಪ್ಪಣಿಗೆ ಇಳಿಸಿಕೊಂಡೆವು. ಒಂದು ದಿನ ಮೊದಲೇ ಬಸ್ಸು ಹತ್ತಿ ಹೋಗಿ ಬಂದಿದ್ದರೆ ವಿಭಾಗದ ಜವಾನನೇ ಈ ಸಂಗತಿ ಹೇಳುತ್ತಿದ್ದ!

ಆದರೆ ನೋಡುವುದು ಏನನ್ನು? ಇಲ್ಲಿಯೂ ಮೋಸಹೋಗುವ ದಾರಿಯುಂಟು. ಮಾನಸಗಂಗೋತ್ರಿಗೆ ಸಂಜೆ ಹೋದವನು ಕುಕ್ಕರಹಳ್ಳಿ ಕೆರೆಯ ಗಾಳಿಗೆ ಸಿಕ್ಕಿ, ಸೇರಿದರೆ ಇಲ್ಲಿಯೇ ಎಂದು ನಿಶ್ಚಯಿಸಿಬಿಡುತ್ತಾನೆ. ಗಾಳಿ ಸೊಗಸಾದದ್ದೇ, ಪರೀಕ್ಷೆಗೆ ಅದು ಒದಗದು. ಬೆಳಗ್ಗೆ ಹೋಗಿ, ಅನುಮತಿ ಬೇಡಿ, ತರಗತಿಯೊಂದರ ಹಿಂದಿನ ಬೆಂಚಿನಲ್ಲಿ ಕೂರಬೇಕು. ಪಾಠ ರಂಜಿಸಿತೇ ಎಂಬುದು ಮುಖ್ಯವಲ್ಲ. ವಿದ್ಯಾರ್ಥಿಗಳು ಪ್ರಶ್ನೆ ಕೇಳುತ್ತಾರೆಯೇ, ಕೇಳಿದರೆ ಗುರುಗಳ ಹುಬ್ಬು ಗಂಟಿಕ್ಕುತ್ತದೆಯೇ ಎಂಬುದನ್ನು ಗಮನಿಸಬೇಕು. ಗ್ರಂಥಾಲಯದಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಕೈಗೆ ಸಿಗುವಂತಿವೆಯೋ, ಬೀಗದೊಳಗಿವೆಯೋ ನೋಡಬೇಕು. ಜಾನಪದದಲ್ಲಿ ಆಸಕ್ತಿಯಿದ್ದವನಿಗೆ ಜಾನಪದ ವಸ್ತುಸಂಗ್ರಹಾಲಯವೊಂದರಲ್ಲಿ ಕಳೆದ ಅರ್ಧ ದಿನ ಯಾವ ಪರಿಚಯಪತ್ರಕ್ಕಿಂತಲೂ ಹೆಚ್ಚು ಹೇಳುತ್ತದೆ. ಓಲೆಗರಿಯ ಮೋಹವಿದ್ದವನು, ಶಾಮಾಶಾಸ್ತ್ರಿಗಳು 1905ರಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೂ ಹೋಗಿಬರಲಿ. 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಂಶೋಧನೆಯನ್ನೇ ಮುಖ್ಯವಾಗಿ ಇಟ್ಟುಕೊಂಡು ಹುಟ್ಟಿದ್ದು; ಊರಿನಿಂದ ದೂರವಿರುವ ಅದರ ಆವರಣದ ಏಕಾಂತ ಒಬ್ಬನಿಗೆ ವರವಾದರೆ ಮತ್ತೊಬ್ಬನಿಗೆ ವನವಾಸ. ತಾನು ಎಂಥವನೆಂಬುದು ಅಲ್ಲಿ ಒಂದು ಸಂಜೆ ನಿಂತರೆ ತಿಳಿಯುತ್ತದೆ.

ವಿಭಾಗದ ಮುಖ್ಯಸ್ಥರು ಹೇಳದ್ದನ್ನು ಎರಡನೆಯ ವರ್ಷದ ವಿದ್ಯಾರ್ಥಿ ಒಂದು ಲೋಟ ಚಹಾಕ್ಕೆ ಹೇಳುತ್ತಾನೆ. ಹೆಣ್ಣುಮಕ್ಕಳು ಇನ್ನೊಂದನ್ನು ವಿಚಾರಿಸಬೇಕು: ಗ್ರಂಥಾಲಯದಿಂದ ವಸತಿನಿಲಯದವರೆಗೆ ರಾತ್ರಿ ದೀಪ ಉರಿಯುತ್ತದೆಯೇ?

ಬಡವರ ಮಕ್ಕಳು ಊರೂರು ಸುತ್ತಿ ನೋಡಬೇಕೆಂದರೆ ಹಣವೆಲ್ಲಿಂದ ಎಂದು ವಾಚಕರು ಕೇಳಬಹುದು. ನ್ಯಾಯವಾದ ಮಾತು. ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳು ಪಿಎಚ್.ಡಿ.ಗೆ ಆಯ್ಕೆಯಾದವರನ್ನು ತಾವೇ ಖರ್ಚು ಕೊಟ್ಟು ಕರೆಸಿಕೊಳ್ಳುತ್ತವೆ. ನೆರವಿನೊಡನೆ ಸ್ಥಾನ ಪಡೆದವರು ಒಪ್ಪಿಗೆ ತಿಳಿಸಲು ಏಪ್ರಿಲ್ 15ರವರೆಗೆ ಕಾಲಾವಕಾಶವಿರುವುದು ಅಲ್ಲಿ ವಾಡಿಕೆ. ನಮ್ಮಲ್ಲಿ ಅಷ್ಟು ಔದಾರ್ಯ ಬೇಡ. ಹೆಣ್ಣುಮಕ್ಕಳಿಗಂತೂ 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚು ತಪ್ಪಿತು. ಹೆಸರು ಕೂಗಿದ ಗಳಿಗೆಯಲ್ಲೇ ಹೂಂ ಅಥವಾ ಊಹೂಂ ಎನ್ನಬೇಕೆಂಬ ಅವಸರವನ್ನು ಬಿಟ್ಟು, ಪ್ರವೇಶಕ್ಕೆ ಮುಂಚೆ ಒಂದು ದಿನ ವಿಭಾಗದ ಬಾಗಿಲು ತೆರೆದಿಟ್ಟು, ಅಂದು ಮಾಮೂಲಿನ ಪಾಠವನ್ನೇ ನಡೆಸಿದರೆ ಸಾಕು. ಸ್ವಾಗತಭಾಷಣ ದಯವಿಟ್ಟು ಬೇಡ.

ಈ ಸಲ ನನ್ನ ಮಾತು ಕೇಳಿ ಇಬ್ಬರು ಹುಡುಗಿಯರು ಒಂದೇ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಒಂದೇ ತರಗತಿಯಲ್ಲಿ ಕುಳಿತು, ಒಂದೇ ಬಸ್ಸಿನಲ್ಲಿ ಹಿಂದಿರುಗಿದರು. ಒಬ್ಬಳು ಅಲ್ಲಿಯೇ ಸೇರಿದ್ದಾಳೆ. ಇನ್ನೊಬ್ಬಳು ಎಂ.ಎ. ಆಸೆಯನ್ನೇ ಬಿಟ್ಟು ಬಿ.ಎಡ್.ಗೆ ಅರ್ಜಿ ಹಾಕಿದಳು. ಅವಳ ತಂದೆ ಇನ್ನೂ ನನ್ನೊಡನೆ ಮಾತನಾಡುತ್ತಿಲ್ಲ.